ಎಲೆಗೆ ತಾಗದ ಹನಿ ಎಲ್ಲಿಗೆ ಹೋಗುತ್ತದೆ?

ಬೆಳೆಗೆ ಸಿಂಪಡಿಸುವ ರಾಸಾಯನಿಕಗಳ ಬಗ್ಗೆ ಓದುಗರಿಂದ ಬಂದ ಪತ್ರಗಳಲ್ಲಿ ಒಂದೇ ಬಗೆಯವನ್ನು ಒಟ್ಟುಗೂಡಿಸಿ, ಹತ್ತು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಹೆಚ್ಚಿನ ಪತ್ರಗಳಲ್ಲಿ ಇವುಗಳನ್ನು ‘ಔಷಧಿ’ ಎಂದೇ ಕರೆಯಲಾಗಿದೆ. ಮಾತಿನ ರೂಢಿಯನ್ನು ತಿದ್ದುವುದು ಈ ಅಂಕಣದ ಕೆಲಸವಲ್ಲ. ಆದರೆ ಔಷಧಿ ಎಂದೊಡನೆ ಸ್ವಲ್ಪ ಹೆಚ್ಚು ಹಾಕಿದರೆ ಬೇಗ ಗುಣವಾದೀತು ಎಂಬ ಭಾವನೆ ತಾನಾಗಿಯೇ ಬಂದುಬಿಡುತ್ತದೆ. ಹಾಗಾಗಿ ನಾನು ಕೀಟನಾಶಕ, ಕಳೆನಾಶಕ, ಶಿಲೀಂಧ್ರನಾಶಕ ಎಂಬ ಹೆಸರುಗಳನ್ನೂ, ಎಲ್ಲವನ್ನೂ ಸೇರಿಸಿ ಹೇಳುವಾಗ ಪೀಡೆನಾಶಕ ಎಂಬ ಹೆಸರನ್ನೂ ಬಳಸಿದ್ದೇನೆ.

ಪ್ರಶ್ನೆ: ನಾವು ಸಿಂಪಡಿಸುವುದು ನಮ್ಮ ಹೊಲದ ಗಿಡಗಳಿಗೆ ಮಾತ್ರ. ಅದರಿಂದ ನದಿ, ಹಕ್ಕಿ, ಅಂತರ್ಜಲ ಎಲ್ಲವೂ ಕೆಡುತ್ತವೆ ಎನ್ನುವುದು ಉತ್ಪ್ರೇಕ್ಷೆಯಲ್ಲವೇ? ಬಿಸಿಲಿಗೆ ಎಲ್ಲವೂ ಆವಿಯಾಗಿ ಹೋಗುವುದಿಲ್ಲವೇ?

ಉತ್ತರ: ಆವಿಯಾದದ್ದು ಇಲ್ಲವಾಯಿತು ಎಂದಲ್ಲ, ಬೇರೆಡೆಗೆ ಹೋಯಿತು ಎಂದಷ್ಟೇ ಅರ್ಥ. ಸ್ಪ್ರೇಯರಿನಿಂದ ಹೊರಬಿದ್ದ ದ್ರಾವಣದ ಒಂದು ಪಾಲು ಎಲೆಯ ಮೇಲೆ ನಿಲ್ಲುತ್ತದೆ, ಒಂದು ಪಾಲು ಎಲೆಯಿಂದ ಜಾರಿ ಮಣ್ಣು ಸೇರುತ್ತದೆ, ಇನ್ನೊಂದು ಪಾಲು ಗಾಳಿಯಲ್ಲಿ ತೇಲಿಹೋಗುತ್ತದೆ. ಎಷ್ಟು ತೇಲಿಹೋಗುತ್ತದೆ ಎಂಬುದು ಬಹುಮಟ್ಟಿಗೆ ಹನಿಯ ಗಾತ್ರವನ್ನು ಅವಲಂಬಿಸಿದೆ. ಅಲುಗಾಡದ ಗಾಳಿಯಲ್ಲಿ 100 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ವ್ಯಾಸದ ಹನಿ ಮೂರು ಮೀಟರ್ ಎತ್ತರದಿಂದ ನೆಲ ಮುಟ್ಟಲು ಸುಮಾರು ಹತ್ತು ಸೆಕೆಂಡು ಸಾಕು. 20 ಮೈಕ್ರಾನಿನ ಹನಿಗೆ ನಾಲ್ಕು ನಿಮಿಷ ಬೇಕು. ಆ ನಾಲ್ಕು ನಿಮಿಷಗಳಲ್ಲಿ ಸೆಕೆಂಡಿಗೆ ಒಂದು ಮೀಟರ್ ವೇಗದ ಮೆಲುಗಾಳಿಯೂ ಅದನ್ನು ಇನ್ನೂರು ಮೀಟರಿನಾಚೆಗೆ ಒಯ್ಯಬಲ್ಲದು. ಮಂಜಿನಂತೆ ಹೊಡೆದರೆ ಚೆನ್ನಾಗಿ ಹಿಡಿಯುತ್ತದೆ ಎಂದು ಪಂಪಿನ ಒತ್ತಡವನ್ನು ಏರಿಸುವವರು ತಮ್ಮ ಹಣವನ್ನು ನೆರೆಯವರ ಹೊಲಕ್ಕೆ ಕಳುಹಿಸುತ್ತಿರುತ್ತಾರೆ.

ಮಣ್ಣಿಗೆ ಬಿದ್ದದ್ದರ ಮುಂದಿನ ಗತಿಯನ್ನು ಎರಡು ಗುಣಗಳು ನಿರ್ಧರಿಸುತ್ತವೆ: ಅದು ಮಣ್ಣಿನ ಕಣಗಳಿಗೆ ಎಷ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ ಮತ್ತು ಎಷ್ಟು ದಿನ ಕೊಳೆಯದೆ ಉಳಿಯುತ್ತದೆ. ಅಂಟಿಕೊಳ್ಳದ, ಬೇಗ ಕೊಳೆಯದ ರಾಸಾಯನಿಕ ಮಳೆನೀರಿನೊಡನೆ ಕೆಳಗಿಳಿದು ಅಂತರ್ಜಲ ಸೇರುತ್ತದೆ. ಅಟ್ರಜಿನ್ ಎಂಬ ಕಳೆನಾಶಕ ಇದಕ್ಕೆ ಒಳ್ಳೆಯ ಉದಾಹರಣೆ. ಐರೋಪ್ಯ ಒಕ್ಕೂಟದಲ್ಲಿ ಒಂದು ಲೀಟರ್ ಕುಡಿಯುವ ನೀರಿನಲ್ಲಾಗಲಿ ಅಂತರ್ಜಲದಲ್ಲಾಗಲಿ ಯಾವುದೇ ಒಂದು ಪೀಡೆನಾಶಕ 0.1 ಮೈಕ್ರೋಗ್ರಾಂ ಮೀರುವಂತಿಲ್ಲ. ಅಂತರ್ಜಲ ಆ ಮಿತಿಯೊಳಗೆ ಉಳಿಯುವ ಭರವಸೆ ಇಲ್ಲದ ಕಾರಣಕ್ಕೇ ಅಲ್ಲಿ ಅಟ್ರಜಿನ್ ಬಳಕೆಯ ಅನುಮತಿ ಹಿಂಪಡೆಯಲಾಯಿತು. ಬಿಗಿಯಾಗಿ ಅಂಟಿಕೊಳ್ಳುವ ರಾಸಾಯನಿಕ ಕೆಳಗಿಳಿಯುವುದಿಲ್ಲ ನಿಜ. ಆದರೆ ಇಳಿಜಾರಿನ ಹೊಲದ ಮೇಲ್ಮಣ್ಣು ಕೊಚ್ಚಿಹೋದಾಗ ಮಣ್ಣಿನ ಸಮೇತ ಹೊರಟು ಕೆರೆಯ ಹೂಳಾಗಿ ಕೂರುತ್ತದೆ.

ಅತ್ಯಲ್ಪ ಪ್ರಮಾಣವೂ ಹೇಗೆ ಗಂಡಾಂತರವಾಗಬಹುದು ಎಂಬುದಕ್ಕೆ ಅಮೆರಿಕದ ಕ್ಯಾಲಿಫೋರ್ನಿಯಾದ ಕ್ಲಿಯರ್ ಲೇಕ್ ಎಂಬ ಸರೋವರದ ಕಥೆಯನ್ನು ನಾನು ಮತ್ತೆ ಮತ್ತೆ ಹೇಳುತ್ತೇನೆ. ಅಲ್ಲಿ ಕಚ್ಚದಿದ್ದರೂ ಕಾಟ ಕೊಡುತ್ತಿದ್ದ ಒಂದು ಜಾತಿಯ ನೊರಜನ್ನು ನಿವಾರಿಸಲು 1949, 1954 ಮತ್ತು 1957ರಲ್ಲಿ ಡಿಡಿಟಿಯ ಹತ್ತಿರದ ಸಂಬಂಧಿಯಾದ ಡಿಡಿಡಿಯನ್ನು ನೀರಿಗೆ ಬೆರೆಸಿದರು. ಪ್ರಮಾಣ ಹೆಚ್ಚೆಂದರೆ ಐದು ಕೋಟಿ ಪಾಲು ನೀರಿಗೆ ಒಂದು ಪಾಲು. ಅದು ತೇಲುಸಸ್ಯಗಳಲ್ಲಿ, ಅವುಗಳನ್ನು ತಿಂದ ಸಣ್ಣ ಮೀನುಗಳಲ್ಲಿ, ಅವುಗಳನ್ನು ತಿಂದ ದೊಡ್ಡ ಮೀನುಗಳಲ್ಲಿ ಹಂತಹಂತವಾಗಿ ಸಾಂದ್ರವಾಗುತ್ತ ಹೋಯಿತು. ಕೊನೆಗೆ ಮೀನು ತಿನ್ನುವ ಗ್ರೀಬ್ ಎಂಬ ಮುಳುಗು ಹಕ್ಕಿಗಳು ಸತ್ತು ಬಿದ್ದಾಗ ಅವುಗಳ ಕೊಬ್ಬಿನಲ್ಲಿ ಹತ್ತು ಲಕ್ಷಕ್ಕೆ 1600 ಪಾಲು ಡಿಡಿಡಿ ಇತ್ತು. ನೀರಿಗೆ ಬೆರೆಸಿದ ಸಾಂದ್ರತೆಗೆ ಹೋಲಿಸಿದರೆ ಇದು ಎಂಬತ್ತು ಸಾವಿರ ಪಟ್ಟು. ನೀರಿನಲ್ಲಿ ಕರಗದೆ ಕೊಬ್ಬಿನಲ್ಲಿ ಕರಗುವ, ದೇಹ ಒಡೆಯಲಾರದ ವಸ್ತುಗಳೆಲ್ಲದರ ದಾರಿ ಇದೇ. 2001ರ ಸ್ಟಾಕ್‌ಹೋಮ್ ಒಪ್ಪಂದ ಮೊದಲಿಗೆ ಪಟ್ಟಿ ಮಾಡಿದ ಹನ್ನೆರಡು ದೀರ್ಘಬಾಳಿಕೆಯ ಮಾಲಿನ್ಯಕಾರಕಗಳಲ್ಲಿ ಒಂಬತ್ತು ಪೀಡೆನಾಶಕಗಳೇ ಆಗಿದ್ದವು. 2011ರಲ್ಲಿ ಎಂಡೋಸಲ್ಫಾನ್ ಕೂಡ ಆ ಪಟ್ಟಿಗೆ ಸೇರಿತು. ಇಂದು ಬಳಕೆಯಲ್ಲಿರುವ ಬಹುಪಾಲು ಪೀಡೆನಾಶಕಗಳು ಇಷ್ಟು ದೀರ್ಘಕಾಲ ಉಳಿಯುವುದಿಲ್ಲ ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ಅವುಗಳ ಅಪಾಯ ಬೇರೆ ಬಗೆಯದು.

ಪ್ರಶ್ನೆ: ಡಬ್ಬದ ಮೇಲೆ ಕೆಂಪು ಗುರುತು ಇಲ್ಲದ್ದನ್ನೇ ಆರಿಸಿಕೊಂಡು ಸೈಪರ್‌ಮೆಥ್ರಿನ್ ಹೊಡೆದೆವು. ಮರುದಿನ ಜೋರು ಮಳೆ ಬಂದಿತು. ತಗ್ಗಿನಲ್ಲಿದ್ದ ಹೊಂಡದ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಕಡಿಮೆ ವಿಷದ್ದು ಹೀಗೆ ಮಾಡಲು ಸಾಧ್ಯವೇ?

ಉತ್ತರ: ಸಾಧ್ಯ. ಲೇಬಲ್ ಓದುವ ಅಭ್ಯಾಸವಿದ್ದವರೇ ಹೆಚ್ಚಾಗಿ ಬೀಳುವ ಗುಂಡಿ ಇದು. ಕೆಂಪು, ಹಳದಿ, ನೀಲಿ, ಹಸಿರು ಎಂಬ ಬಣ್ಣಗಳ ಶ್ರೇಣಿ ಅನೇಕ ದೇಶಗಳಲ್ಲಿದೆ. ಆ ಬಣ್ಣ ಹೇಳುವುದು ಇಷ್ಟನ್ನೇ: ಈ ವಸ್ತು ಬಾಯಿಯ ಮೂಲಕವೋ ಚರ್ಮದ ಮೂಲಕವೋ ಒಳಹೋದರೆ ಮನುಷ್ಯನಿಗೆ ತಕ್ಷಣಕ್ಕೆ ಎಷ್ಟು ಅಪಾಯಕರ. ಅದನ್ನು ಲೆಕ್ಕ ಹಾಕುವುದು ಮುಖ್ಯವಾಗಿ ಇಲಿಗಳ ಮೇಲೆ ನಡೆಸಿದ ಪರೀಕ್ಷೆಗಳಿಂದ. ಮೀನು, ಜೇನು, ಎರೆಹುಳುಗಳ ವಿಷಯದಲ್ಲಿ ಬಣ್ಣ ಏನನ್ನೂ ಹೇಳುವುದಿಲ್ಲ. ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಮೈಗೆ ಸೇರಿದರೆ ಏನಾಗುತ್ತದೆ ಎಂಬುದನ್ನೂ ಹೇಳುವುದಿಲ್ಲ.

ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಮೊದಲಾದ ಪೈರೆಥ್ರಾಯ್ಡ್‌ಗಳು ಸಸ್ತನಿಗಳ ದೇಹದಲ್ಲಿ ಬೇಗ ಒಡೆಯುತ್ತವೆ. ಮೀನುಗಳಲ್ಲಿ ಹಾಗೆ ಒಡೆಯುವ ಕಿಣ್ವದ ಸಾಮರ್ಥ್ಯ ತೀರ ಕಡಿಮೆ. ಮೇಲಾಗಿ ಅವುಗಳ ಕಿವಿರು ಈ ವಸ್ತುವನ್ನು ನೀರಿನಿಂದ ಸಲೀಸಾಗಿ ಹೀರಿಕೊಳ್ಳುತ್ತದೆ. ಒಂದು ಲೀಟರ್ ನೀರಿಗೆ ಕೆಲವೇ ಮೈಕ್ರೋಗ್ರಾಂ ಸೇರಿದರೂ ಹಲವು ಜಾತಿಯ ಮೀನುಗಳು ಉಳಿಯಲಾರವು. ಲೇಬಲಿನ ಸಣ್ಣ ಅಕ್ಷರಗಳಲ್ಲಿ ಅಥವಾ ಸತ್ತ ಮೀನಿನ ಚಿತ್ರದಲ್ಲಿ ಈ ಎಚ್ಚರಿಕೆ ಇದ್ದೇ ಇರುತ್ತದೆ. ನೀರಿನಾಸರೆಯ ಪಕ್ಕದಲ್ಲಿ ಒಂದು ಪಟ್ಟಿಯಷ್ಟು ಜಾಗವನ್ನು ಸಿಂಪಡಿಸದೆ ಬಿಡುವುದು, ಅಲ್ಲಿ ಹುಲ್ಲು ಬೆಳೆಯಗೊಡುವುದು, ಒಂದೆರಡು ದಿನಗಳಲ್ಲಿ ಮಳೆಯ ಮುನ್ಸೂಚನೆ ಇದ್ದರೆ ಸಿಂಪಡಣೆಯನ್ನು ಮುಂದೂಡುವುದು, ಈ ಮೂರನ್ನು ಪಾಲಿಸಿದ್ದರೆ ನಿಮ್ಮ ಮೀನುಗಳು ಬಹುಶಃ ಉಳಿಯುತ್ತಿದ್ದವು.

ಪ್ರಶ್ನೆ: ಮೊದಲು ಒಂದು ಬೆಳೆಗೆ ಎರಡು ಬಾರಿ ಹೊಡೆದರೆ ಸಾಕಾಗುತ್ತಿತ್ತು. ಈಗ ವಾರಕ್ಕೊಮ್ಮೆ ಹೊಡೆದರೂ ಹುಳು ಹೆಚ್ಚುತ್ತಲೇ ಇದೆ. ಕಂಪನಿ ಬದಲಾಯಿಸಿ ನೋಡಿದ್ದೂ ಆಯಿತು. ಮಾಲು ನಕಲಿಯೇ?

ಉತ್ತರ: ನಕಲಿಯೂ ಇರಬಹುದು. ಆದರೆ ಅದಕ್ಕಿಂತ ಸಾಮಾನ್ಯವಾದ ಎರಡು ಕಾರಣಗಳಿವೆ.

ಮೊದಲನೆಯದು ಪ್ರತಿರೋಧ. ಲಕ್ಷ ಹುಳುಗಳಲ್ಲಿ ನಾಲ್ಕಾರು ಹುಳುಗಳಿಗೆ ಆ ರಾಸಾಯನಿಕವನ್ನು ತಾಳಿಕೊಳ್ಳುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ. ನೀವು ಉಳಿದವನ್ನೆಲ್ಲ ಕೊಂದು ಆ ನಾಲ್ಕಾರಕ್ಕೆ ಹೊಲವನ್ನು ಬಿಟ್ಟುಕೊಡುತ್ತೀರಿ. ಮುಂದಿನ ಪೀಳಿಗೆ ಅವುಗಳದ್ದೇ. ಇದು ಇಂದಿನ ಸಮಸ್ಯೆಯಲ್ಲ. ಸುಣ್ಣ-ಗಂಧಕದ ದ್ರಾವಣಕ್ಕೂ ಬಗ್ಗದ ಶಲ್ಕ ಕೀಟಗಳ ಬಗ್ಗೆ ಮೆಲಾಂಡರ್ ಎಂಬ ಅಮೆರಿಕದ ಕೀಟತಜ್ಞರು 1914ರಲ್ಲೇ ಬರೆದಿದ್ದರು. ಈಗ ಪ್ರತಿರೋಧ ಬೆಳೆಸಿಕೊಂಡ ಕೀಟ ಮತ್ತು ಮೈಟ್ ಜಾತಿಗಳ ಸಂಖ್ಯೆ 500 ದಾಟಿದೆ. ಕಂಪನಿ ಬದಲಾಯಿಸಿದ್ದರಿಂದ ನಿಮಗೆ ಪ್ರಯೋಜನವಾಗದ್ದಕ್ಕೂ ಕಾರಣವಿದೆ. ಇಮಿಡಾಕ್ಲೋಪ್ರಿಡ್ ಬಿಟ್ಟು ಥಯಾಮಿಥಾಕ್ಸಾಮ್ ಹಿಡಿದರೆ ಡಬ್ಬ ಬದಲಾಯಿತೇ ಹೊರತು ವಿಷ ಬದಲಾಗಲಿಲ್ಲ. ಎರಡೂ ಕೀಟದ ನರದ ಒಂದೇ ಬಿಂದುವಿಗೆ ಪೆಟ್ಟು ಕೊಡುತ್ತವೆ. ಕೀಟನಾಶಕಗಳನ್ನು ಅವು ಕೆಲಸ ಮಾಡುವ ಬಗೆಗೆ ಅನುಸಾರವಾಗಿ ಸಂಖ್ಯೆ ಕೊಟ್ಟು ಗುಂಪು ಮಾಡಲಾಗಿದೆ: ಕ್ಲೋರೋಪೈರಿಫಾಸ್, ಪ್ರೊಫೆನೊಫಾಸ್ 1ಬಿ ಗುಂಪು, ಪೈರೆಥ್ರಾಯ್ಡ್‌ಗಳು 3ಎ, ಇಮಿಡಾಕ್ಲೋಪ್ರಿಡ್ ವರ್ಗ 4ಎ, ಕ್ಲೋರಾಂಟ್ರಾನಿಲಿಪ್ರೋಲ್ 28. ಬದಲಾಯಿಸಬೇಕಾದದ್ದು ಈ ಸಂಖ್ಯೆಯನ್ನು.

ಎರಡನೆಯ ಕಾರಣ ನನ್ನ ಅನುಭವದಲ್ಲಿ ಇನ್ನೂ ದೊಡ್ಡದು. ಹುಳುವನ್ನು ತಿನ್ನುವ ಹುಳುಗಳನ್ನು ನಾವು ಮೊದಲೇ ಕೊಂದಿರುತ್ತೇವೆ. ಭತ್ತದ ಕಂದು ಜಿಗಿಹುಳುವನ್ನೇ ತೆಗೆದುಕೊಳ್ಳಿ. ಅದು ಮೊಟ್ಟೆಯಿಡುವುದು ಎಲೆಯ ಕವಚದ ಒಳಗೆ, ಸಿಂಪಡಿಸಿದ ದ್ರಾವಣ ಅಲ್ಲಿಗೆ ಸುಲಭವಾಗಿ ತಲುಪುವುದಿಲ್ಲ. ಆದರೆ ಬುಡದಲ್ಲಿ ಓಡಾಡುತ್ತ ಜಿಗಿಹುಳುಗಳನ್ನು ಹಿಡಿಯುವ ತೋಳಜೇಡ, ಅವುಗಳ ಮೊಟ್ಟೆಯನ್ನು ಹೀರುವ ಪುಟ್ಟ ತಿಗಣೆಯಂತಹ ಕೀಟ, ಇವು ಮೊದಲ ಸಿಂಪಡಣೆಗೇ ಸಾಯುತ್ತವೆ. ವಾರದ ನಂತರ ಮೊಟ್ಟೆಗಳು ಒಡೆದಾಗ ಮರಿಗಳಿಗೆ ಶತ್ರುವೇ ಇರುವುದಿಲ್ಲ. ಇಂಡೋನೇಷ್ಯಾದಲ್ಲಿ ಹೀಗೆ ಜಿಗಿಹುಳು ಕೈಮೀರಿದಾಗ ಅಧ್ಯಕ್ಷ ಸುಹಾರ್ತೊ ಅವರ ಸರ್ಕಾರ 1986ರಲ್ಲಿ ಭತ್ತದ ಮೇಲೆ 57 ಕೀಟನಾಶಕಗಳ ಬಳಕೆಯನ್ನು ನಿಷೇಧಿಸಿತು, ಮುಂದಿನ ಕೆಲವೇ ವರ್ಷಗಳಲ್ಲಿ ಕೀಟನಾಶಕಗಳ ಸಹಾಯಧನವನ್ನೂ ನಿಲ್ಲಿಸಿತು. ಭತ್ತದ ಇಳುವರಿ ಕುಸಿಯಲಿಲ್ಲ.

ಆದ್ದರಿಂದ ವಾರದ ಲೆಕ್ಕವನ್ನು ಬಿಡಿ. ಹೊಲದ ಐದಾರು ಕಡೆ ನಿಂತು ಗಿಡದ ಬುಡ, ಎಲೆಯ ಅಡಿಭಾಗ ನೋಡಿ, ಹುಳುಗಳನ್ನೂ ಜೇಡಗಳನ್ನೂ ಎಣಿಸಿ. ಆ ಬೆಳೆಗೆ ಹೇಳಿರುವ ಆರ್ಥಿಕ ಹಾನಿಯ ಮಟ್ಟವನ್ನು, ಅಂದರೆ ಹುಳು ಮಾಡುವ ನಷ್ಟ ಸಿಂಪಡಣೆಯ ಖರ್ಚನ್ನು ಮೀರುವ ಹಂತವನ್ನು, ಹುಳುಗಳ ಸಂಖ್ಯೆ ದಾಟಿದಾಗ ಮಾತ್ರ ಸಿಂಪಡಿಸಿ. ಹೆಣ್ಣು ಪತಂಗದ ವಾಸನೆಯಿಂದ ಗಂಡು ಪತಂಗಗಳನ್ನು ಸೆಳೆಯುವ ಮೋಹಕ ಬಲೆ ಕಟ್ಟಿದರೆ ಪತಂಗಗಳು ಯಾವಾಗ ಬಂದವು ಎಂಬುದು ಮೊಟ್ಟೆಯೊಡೆಯುವ ಮೊದಲೇ ತಿಳಿಯುತ್ತದೆ.

ಪ್ರಶ್ನೆ: ಲೀಟರಿಗೆ ಇಷ್ಟು ಎಂದು ಹೇಳಿದಂತೆಯೇ ಹಾಕುತ್ತೇನೆ, ಖಾತ್ರಿಗಾಗಿ ಮೇಲೊಂದು ಮುಚ್ಚಳ ಅಷ್ಟೆ. ಇದರಿಂದ ತೊಂದರೆಯೇ?

ಉತ್ತರ: ವೃತ್ತಿಯ ಆರಂಭದಲ್ಲಿ ನಾನೂ ಮುಚ್ಚಳದಲ್ಲೇ ಅಳೆದವನು, ಆದ್ದರಿಂದ ಬೈಯುವುದಿಲ್ಲ. ಮುಚ್ಚಳಗಳೆಲ್ಲ ಒಂದೇ ಗಾತ್ರದವಲ್ಲ ಎಂಬುದು ಒಂದು ತೊಡಕು. ದೊಡ್ಡ ತೊಡಕು ಇನ್ನೊಂದಿದೆ: ಲೀಟರಿಗೆ ಸರಿಯಾಗಿ ಹಾಕಿಯೂ ಹೊಲಕ್ಕೆ ಹೆಚ್ಚಾಗಿ ಹಾಕಬಹುದು.

ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಜಾಗವನ್ನು ಗುರುತಿಸಿ, ಟ್ಯಾಂಕಿಗೆ ಬರೀ ನೀರನ್ನು ಅಳೆದು ತುಂಬಿ, ನಿಮ್ಮ ಎಂದಿನ ನಡಿಗೆಯಲ್ಲಿ ಸಿಂಪಡಿಸಿ ನೋಡಿ. ಐದು ಲೀಟರ್ ಖರ್ಚಾಯಿತು ಎನ್ನೋಣ. ಅಂದರೆ ಹೆಕ್ಟೇರಿಗೆ 500 ಲೀಟರ್. ಲೇಬಲಿನ ಶಿಫಾರಸು ಹೆಕ್ಟೇರಿಗೆ ಒಂದು ಲೀಟರ್ ಕೀಟನಾಶಕ ಎಂದಿದ್ದರೆ ಲೀಟರ್ ನೀರಿಗೆ 2 ಮಿಲಿಲೀಟರ್, 16 ಲೀಟರಿನ ಟ್ಯಾಂಕಿಗೆ 32 ಮಿಲಿಲೀಟರ್ ಆಯಿತು. ಇನ್ನೊಬ್ಬರು ಅದೇ ಜಾಗವನ್ನು ನಿಧಾನವಾಗಿ ನಡೆದು, ಸವೆದು ಅಗಲವಾದ ನಾಜಲಿನಿಂದ ಎಂಟು ಲೀಟರ್ ಸುರಿದು ಮುಗಿಸುತ್ತಾರೆ. ಅವರೂ ಲೀಟರಿಗೆ ಎರಡೇ ಮಿಲಿಲೀಟರ್ ಹಾಕಿದ್ದಾರೆ, ಆದರೆ ಹೆಕ್ಟೇರಿಗೆ 1.6 ಲೀಟರ್ ಹೋಗಿದೆ. ಅದರ ಮೇಲೆ ನಿಮ್ಮ ಖಾತ್ರಿಯ ಮುಚ್ಚಳ. ಹೊಸ ಸ್ಪ್ರೇಯರ್ ಕೊಳ್ಳುವವರು ಬ್ಯಾಟರಿಯ ಬಗ್ಗೆ ಹತ್ತು ಪ್ರಶ್ನೆ ಕೇಳುತ್ತಾರೆ, ನಾಜಲಿನ ಬಗ್ಗೆ ಒಂದನ್ನೂ ಕೇಳುವುದಿಲ್ಲ. ಗೆರೆ ಇರುವ ಅಳತೆಯ ಲೋಟವೊಂದನ್ನು ಇದಕ್ಕೇ ಮೀಸಲಿಡಿ. ಅದನ್ನು ಮತ್ತಾವುದಕ್ಕೂ ಬಳಸಬೇಡಿ.

ಪ್ರಶ್ನೆ: ರಕ್ಷಣಾ ಉಡುಪು ಹಾಕಿಕೊಂಡು ಬಿಸಿಲಿನಲ್ಲಿ ಕೆಲಸ ಮಾಡಲು ಆಗುವುದಿಲ್ಲ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳುತ್ತೇನೆ. ವಾಸನೆ ಬರುವುದಿಲ್ಲ, ಇಷ್ಟು ಸಾಕಲ್ಲವೇ?

ಉತ್ತರ: ಮೂಗಿನ ಬಗ್ಗೆ ಇರುವ ಭಯದ ಅರ್ಧದಷ್ಟು ಚರ್ಮದ ಬಗ್ಗೆ ಇದ್ದಿದ್ದರೆ ಎಷ್ಟೋ ಜನ ಆಸ್ಪತ್ರೆ ಸೇರುವುದು ತಪ್ಪುತ್ತಿತ್ತು. ಹೊಲದ ಸಿಂಪಡಣೆಯಲ್ಲಿ ಹೆಚ್ಚಿನ ವಿಷ ಮೈಸೇರುವುದು ಚರ್ಮದ ಮೂಲಕ. ಚರ್ಮವೂ ಎಲ್ಲ ಕಡೆ ಒಂದೇ ರೀತಿ ಹೀರುವುದಿಲ್ಲ. ಪ್ಯಾರಾಥಿಯಾನ್ ಎಂಬ ಕೀಟನಾಶಕದ ಬಗ್ಗೆ 1971ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮುಂಗೈಗಿಂತ ಹಣೆಯ ಚರ್ಮ ಸುಮಾರು ನಾಲ್ಕು ಪಟ್ಟು, ವೃಷಣದ ಚರ್ಮ ಸುಮಾರು ಹನ್ನೆರಡು ಪಟ್ಟು ಹೀರಿಕೊಂಡಿತ್ತು. ಬೆನ್ನಿಗೆ ಹಾಕುವ ಟ್ಯಾಂಕಿನ ಮುಚ್ಚಳ ಸಡಿಲವಾಗಿದ್ದು, ನಡೆದಂತೆಲ್ಲ ಹನಿ ಹನಿಯಾಗಿ ಸೋರಿ, ಅಂಗಿ ಒದ್ದೆಯಾಗಿ, ಸೊಂಟದಿಂದ ಕೆಳಗಿಳಿಯುವುದನ್ನು ನೀವು ನೋಡಿರುತ್ತೀರಿ. ಬೆವರು ಎಂದುಕೊಂಡು ಸುಮ್ಮನಾಗುತ್ತೇವೆ. ಮುಚ್ಚಳದ ವಾಷರ್ ಒಂದನ್ನು ಬದಲಾಯಿಸುವುದು ಅನೇಕ ಬಾರಿ ಮಾಸ್ಕಿಗಿಂತ ದೊಡ್ಡ ರಕ್ಷಣೆ. ಒದ್ದೆ ಬಟ್ಟೆಯಂತೂ ಆವಿಯನ್ನು ತಡೆಯುವುದಿಲ್ಲ. ಸಿಂಪಡಣೆಯ ಹನಿಗಳನ್ನು ಹಿಡಿದಿಟ್ಟು ತುಟಿಗೆ ಒತ್ತಿಕೊಂಡಿರುತ್ತದೆ. ಆವಿಯನ್ನು ತಡೆಯಬೇಕಾದರೆ ಅದಕ್ಕೆಂದೇ ಇರುವ, ಇದ್ದಿಲಿನ ಫಿಲ್ಟರ್ ಉಳ್ಳ ಮುಖವಾಡ ಬೇಕು.

ಬಿಸಿಲಿನ ಮಾತನ್ನು ಒಪ್ಪುತ್ತೇನೆ. ಆದರೆ ಎಲ್ಲ ಹೊತ್ತಿನಲ್ಲೂ ಅಪಾಯ ಸಮನಾಗಿಲ್ಲ. ಲೀಟರಿಗೆ 2 ಮಿಲಿಲೀಟರ್ ಎಂದರೆ ಡಬ್ಬದಲ್ಲಿರುವುದು ಟ್ಯಾಂಕಿನಲ್ಲಿರುವುದಕ್ಕಿಂತ ಐನೂರು ಪಟ್ಟು ಗಟ್ಟಿ. ಡಬ್ಬ ತೆರೆದು, ಅಳೆದು, ಬೆರೆಸುವ ಆ ಐದು ನಿಮಿಷದಲ್ಲಿ ಕೈಮೇಲೆ ಬಿದ್ದ ಒಂದು ಹನಿಯೂ ಟ್ಯಾಂಕಿನ ಐನೂರು ಹನಿಗಳಿಗೆ ಸಮ. ನೈಟ್ರೈಲ್ ರಬ್ಬರಿನ ಕೈಗವಸು, ಕಣ್ಣು ಮತ್ತು ಮುಖದ ರಕ್ಷಕ, ಎದೆಯಿಂದ ಮೊಣಕಾಲಿನವರೆಗೆ ಪ್ಲಾಸ್ಟಿಕ್ ಏಪ್ರನ್, ಇವು ಐದು ನಿಮಿಷಕ್ಕೆ ಯಾರಿಗೂ ಅಸಾಧ್ಯವಲ್ಲ. ಬಟ್ಟೆಯ ಅಥವಾ ಚರ್ಮದ ಕೈಗವಸು ಬೇಡ, ಅವು ಹೀರಿಕೊಂಡು ವಿಷವನ್ನು ಕೈಗೆ ಅಂಟಿಸಿಡುತ್ತವೆ. ಸಿಂಪಡಿಸುವಾಗ ತುಂಬುತೋಳಿನ ದಪ್ಪ ಹತ್ತಿಯ ಅಂಗಿ, ಉದ್ದ ಪ್ಯಾಂಟು, ಟೊಪ್ಪಿ, ರಬ್ಬರ್ ಬೂಟು ಇರಲಿ. ಪ್ಯಾಂಟು ಬೂಟಿನ ಹೊರಗಿರಲಿ, ಇಲ್ಲವಾದರೆ ಸೋರಿದ್ದೆಲ್ಲ ಬೂಟಿನೊಳಗೆ ನಿಲ್ಲುತ್ತದೆ. ಗಾಳಿ ಅಡ್ಡವಾಗಿ ಬೀಸುವಂತೆ ಸಾಲು ಹಿಡಿದು, ಗಾಳಿ ಹೋಗುವ ದಿಕ್ಕಿನ ಅಂಚಿನಿಂದ ಆರಂಭಿಸಿ ಗಾಳಿ ಬರುವ ದಿಕ್ಕಿಗೆ ಸರಿಯುತ್ತ ಹೋದರೆ ಆಗತಾನೇ ಸಿಂಪಡಿಸಿದ ಜಾಗವನ್ನು ನೀವು ಹಾಯಬೇಕಾಗುವುದಿಲ್ಲ.

ನಾಜಲ್ ಕಟ್ಟಿಕೊಂಡಾಗ ಬಿಚ್ಚಿ ಬಾಯಿಗಿಟ್ಟು ಊದುವ ಅಭ್ಯಾಸ ಎಷ್ಟು ಸಹಜವಾಗಿದೆಯೆಂದರೆ, ಹಾಗೆ ಮಾಡಿದೆವೆಂಬುದೇ ಮಾಡಿದವರಿಗೆ ನೆನಪಿರುವುದಿಲ್ಲ. ಜೇಬಿನಲ್ಲಿ ಹಳೆಯ ಟೂತ್‌ಬ್ರಷ್ ಒಂದನ್ನು ಇಟ್ಟುಕೊಳ್ಳಿ.

ಪ್ರಶ್ನೆ: ನಾನು ಜೇನು ಸಾಕುವವನು. ಪಕ್ಕದ ಹೊಲದವರು ಸಿಂಪಡಿಸಿದ ಮಾರನೆಯ ದಿನ ಪೆಟ್ಟಿಗೆಯ ಮುಂದೆ ಸತ್ತ ಹುಳುಗಳ ರಾಶಿ. ಅವರಿಗೆ ಏನೆಂದು ಹೇಳಲಿ?

ಉತ್ತರ: ಸಿಂಪಡಿಸುವ ಹಿಂದಿನ ದಿನವೇ ನಿಮಗೊಂದು ಮಾತು ತಿಳಿಸುವಂತೆ ಮೊದಲು ಕೇಳಿಕೊಳ್ಳಿ. ಬೆಳೆ ಹೂವಿನಲ್ಲಿದ್ದಾಗ ಕೀಟನಾಶಕ ಹೊಡೆಯುವುದನ್ನು ಆದಷ್ಟು ತಪ್ಪಿಸಬೇಕು. ಬೆಳೆಯಲ್ಲಿ ಹೂವಿಲ್ಲದಿದ್ದರೂ ಕೆಳಗಿನ ಕಳೆ ಹೂಬಿಟ್ಟಿದ್ದರೆ ಜೇನು ಅಲ್ಲಿಗೆ ಬಂದೇ ಬರುತ್ತದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಹೊಡೆಯಲೇಬೇಕಾದರೆ ಜೇನುಗಳು ಗೂಡಿಗೆ ಮರಳಿದ ಸಂಜೆಯಲ್ಲಿ, ರಾತ್ರಿ ಕಳೆಯುವುದರೊಳಗೆ ಪ್ರಭಾವ ತಗ್ಗುವಂಥದ್ದನ್ನು ಹೊಡೆಯಬೇಕು. ಇಲ್ಲೊಂದು ಇಕ್ಕಟ್ಟಿದೆ: ಸಂಜೆ ಗಾಳಿ ಪೂರ್ತಿ ನಿಂತು ನೆಲದ ಬಳಿಯ ಗಾಳಿ ತಣ್ಣಗಾದಾಗ ಸಣ್ಣ ಹನಿಗಳು ಕೆಳಗಿಳಿಯದೆ ಪದರವಾಗಿ ತೇಲುತ್ತ ದೂರ ಸರಿಯುತ್ತವೆ. ಒಂದಿಷ್ಟು ಹೊಗೆ ಹಾಕಿ ನೋಡಿದರೆ ತಿಳಿಯುತ್ತದೆ. ಹೊಗೆ ಮೇಲೇರದೆ ಮಟ್ಟಸವಾಗಿ ಹರಡಿ ನಿಂತರೆ ಆ ಹೊತ್ತಿಗೆ ಸಿಂಪಡಣೆ ಬೇಡ.

ಇಮಿಡಾಕ್ಲೋಪ್ರಿಡ್, ಕ್ಲೋಥಿಯಾನಿಡಿನ್, ಥಯಾಮಿಥಾಕ್ಸಾಮ್‌ಗಳ ವಿಷಯದಲ್ಲಿ ಸಂಜೆಯ ಉಪಾಯವೂ ಸಾಲದು. ಇವು ಗಿಡದ ರಸದಲ್ಲಿ ಸೇರಿ ಮಕರಂದಕ್ಕೂ ಪರಾಗಕ್ಕೂ ಬರುತ್ತವೆ. ಜೇನು ಅಲ್ಲೇ ಸಾಯದಿದ್ದರೂ ಗೂಡಿನ ದಾರಿ ತಪ್ಪುವ ಸಾಧ್ಯತೆ ಇದೆ. ಆಗ ಪೆಟ್ಟಿಗೆಯ ಮುಂದೆ ರಾಶಿಯೂ ಕಾಣುವುದಿಲ್ಲ, ಕುಟುಂಬ ಮಾತ್ರ ಸೊರಗುತ್ತ ಹೋಗುತ್ತದೆ. ಐರೋಪ್ಯ ಒಕ್ಕೂಟ 2018ರಲ್ಲಿ ಈ ಮೂರನ್ನೂ ಬಯಲಿನ ಬೆಳೆಗಳಲ್ಲಿ ಬಳಸದಂತೆ ನಿಷೇಧಿಸಿತು.

ಪ್ರಶ್ನೆ: ಬೇವು, ತಾಮ್ರ, ಗಂಧಕ ಇವು ನೈಸರ್ಗಿಕ. ಇವುಗಳಿಗೆ ಯಾವ ಎಚ್ಚರಿಕೆಯೂ ಬೇಡ ತಾನೇ?

ಉತ್ತರ: ನೈಸರ್ಗಿಕ ಎಂಬುದು ಹುಟ್ಟಿನ ವಿವರ, ಗುಣದ ಪ್ರಮಾಣಪತ್ರವಲ್ಲ. ಹೊಗೆಸೊಪ್ಪಿನ ನಿಕೋಟಿನ್ ಚರ್ಮದ ಮೂಲಕವೂ ಮನುಷ್ಯನಿಗೆ ವಿಷವಾಗುತ್ತದೆ. ಬೇರೆ ಕೆಲವು ಗಿಡಗಳ ಬೇರಿನಿಂದ ತೆಗೆಯುವ ರೋಟಿನೋನ್ ಮೀನು ಹಿಡಿಯಲು ಬಳಸುತ್ತಿದ್ದ ವಿಷ. ಬೇವಿನ ಅಜಾಡಿರಾಕ್ಟಿನ್ ಬಿಸಿಲಿಗೆ ಬೇಗ ಒಡೆಯುವುದರಿಂದ ಹೋಲಿಕೆಯಲ್ಲಿ ಸೌಮ್ಯ. ತಾಮ್ರದ ಮಾತೇ ಬೇರೆ. ಫ್ರಾನ್ಸಿನ ಮಿಲಾರ್ಡೆ ಅವರು 1885ರಲ್ಲಿ ದ್ರಾಕ್ಷಿಯ ರೋಗಕ್ಕೆಂದು ಪ್ರಕಟಿಸಿದ ಬೋರ್ಡೋ ದ್ರಾವಣ ಇಂದಿಗೂ ಒಳ್ಳೆಯ ಶಿಲೀಂಧ್ರನಾಶಕ. ಆದರೆ ತಾಮ್ರ ಒಂದು ಮೂಲಧಾತು, ಅದನ್ನು ಯಾವ ಸೂಕ್ಷ್ಮಜೀವಿಯೂ ಕೊಳೆಸಲಾರದು. ದಶಕಗಟ್ಟಲೆ ಅದನ್ನು ಹೊಡೆದ ದ್ರಾಕ್ಷಿ ತೋಟಗಳ ಮೇಲ್ಮಣ್ಣಿನಲ್ಲಿ ತಾಮ್ರ ಶೇಖರವಾಗಿ ಎರೆಹುಳುಗಳಿಗೆ ಬಾಧಕವಾಗಿದೆ.

ಪ್ರಶ್ನೆ: ಕೊಯ್ಲಿನ ಮೊದಲು ಎಷ್ಟು ದಿನ ಬಿಡಬೇಕು? ತೊಳೆದರೆ ವಿಷ ಹೋಗುವುದಿಲ್ಲವೇ?

ಉತ್ತರ: ಎಷ್ಟು ದಿನ ಎಂಬುದು ಆಯಾ ಪೀಡೆನಾಶಕ ಮತ್ತು ಆಯಾ ಬೆಳೆಯ ಜೋಡಿಗೆ ಪ್ರತ್ಯೇಕವಾಗಿ ಲೇಬಲಿನಲ್ಲಿರುತ್ತದೆ. ಒಂದೇ ಕೀಟನಾಶಕಕ್ಕೆ ಒಂದು ಬೆಳೆಯಲ್ಲಿ ಮೂರು ದಿನವೂ ಇನ್ನೊಂದರಲ್ಲಿ ಮೂರು ವಾರವೂ ಇರಬಹುದು. ಲೇಬಲಿನಲ್ಲಿ ನಿಮ್ಮ ಬೆಳೆಯ ಹೆಸರೇ ಇಲ್ಲವೆಂದರೆ ಆ ಬೆಳೆಗೆ ಅದನ್ನು ಬಳಸಬಾರದು. ತೊಳೆದರೆ ಮೇಲ್ಮೈಯ ಪಾಲು ಕಡಿಮೆಯಾಗುತ್ತದೆ, ಸಿಪ್ಪೆ ತೆಗೆದರೆ ಇನ್ನಷ್ಟು. ಗಿಡದ ರಸದಲ್ಲಿ ಸೇರುವ ಅಂತರ್ವ್ಯಾಪಿ ಪೀಡೆನಾಶಕ ತೊಳೆಯುವುದರಿಂದ ಹೋಗುವುದಿಲ್ಲ. ಸಿಂಪಡಿಸಿದ ಹೊಲಕ್ಕೆ ಮತ್ತೆ ಕಾಲಿಡಲು ಬೇರೆಯೇ ಒಂದು ಅವಧಿ ಇದೆ, ಎರಡನ್ನೂ ಒಂದೆಂದು ತಿಳಿಯಬೇಡಿ.

ಪ್ರಶ್ನೆ: ಸಿಂಪಡಿಸಿ ಬಂದವರಿಗೆ ತಲೆಸುತ್ತು, ವಾಂತಿ ಆದರೆ ತಕ್ಷಣ ಏನು ಮಾಡಬೇಕು? ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಹುದೇ?

ಉತ್ತರ: ವಾಂತಿ ಮಾಡಿಸಬೇಡಿ. ಅನೇಕ ಪೀಡೆನಾಶಕಗಳಲ್ಲಿ ಸೀಮೆಎಣ್ಣೆಯಂತಹ ದ್ರಾವಕ ಇರುತ್ತದೆ. ವಾಂತಿಯಾಗುವಾಗ ಅದು ಶ್ವಾಸಕೋಶಕ್ಕೆ ಇಳಿದರೆ ವಿಷಕ್ಕಿಂತ ಮೊದಲು ಅದೇ ಕೊಲ್ಲಬಹುದು. ಹಾಲು, ಎಣ್ಣೆ ಯಾವುದನ್ನೂ ಕುಡಿಸಬೇಡಿ. ವ್ಯಕ್ತಿಯನ್ನು ಹೊಲದಿಂದ ಹೊರಗೆ ಒಳ್ಳೆಯ ಗಾಳಿಗೆ ಒಯ್ದು, ಬಟ್ಟೆ ಪೂರ್ತಿ ಬಿಚ್ಚಿ, ಸೋಪು ಮತ್ತು ಧಾರಾಳ ನೀರಿನಿಂದ ಮೈ, ಕೂದಲು, ಉಗುರು ತೊಳೆಯಿರಿ. ತೊಳೆಯುವವರೂ ಕೈಗವಸು ಹಾಕಿಕೊಳ್ಳಬೇಕು. ಕಣ್ಣಿಗೆ ಬಿದ್ದಿದ್ದರೆ ಹದಿನೈದು ನಿಮಿಷ ಶುದ್ಧ ನೀರು ಹರಿಸಿ. ಪ್ರಜ್ಞೆ ಇಲ್ಲದಿದ್ದರೆ ಎಡ ಮಗ್ಗುಲಿಗೆ ಮಲಗಿಸಿ ಉಸಿರಾಟದ ಮೇಲೆ ಕಣ್ಣಿಡಿ.

ಆಸ್ಪತ್ರೆಗೆ ಹೋಗುವಾಗ ಡಬ್ಬವನ್ನು ಚೀಲದಲ್ಲಿ ಕಟ್ಟಿಯೋ ಲೇಬಲಿನ ಚಿತ್ರ ತೆಗೆದುಕೊಂಡೋ ಹೋಗಿ. ವೈದ್ಯರಿಗೆ ಅದಕ್ಕಿಂತ ಬೆಲೆಯುಳ್ಳ ಮಾಹಿತಿ ಇಲ್ಲ. ಮೊನೊಕ್ರೊಟೊಫಾಸ್, ಕ್ಲೋರೋಪೈರಿಫಾಸ್‌ನಂತಹ ಸಾವಯವ ರಂಜಕದ (ಆರ್ಗನೋಫಾಸ್ಫೇಟ್) ವಿಷವಾದರೆ ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗುತ್ತದೆ, ಜೊಲ್ಲು, ಬೆವರು, ಕಣ್ಣೀರು ಸುರಿಯುತ್ತವೆ, ಸ್ನಾಯುಗಳು ಅದುರುತ್ತವೆ. ಇದಕ್ಕೆ ಅಟ್ರೊಪಿನ್ ಮದ್ದಿದೆ, ಬೇಗ ತಲುಪಿದಷ್ಟೂ ಒಳ್ಳೆಯದು. ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕೆ ಪ್ರತಿವಿಷವೇ ಇಲ್ಲ. ನುಂಗಿದವರು ಮೊದಲ ದಿನ ಚೆನ್ನಾಗಿಯೇ ಮಾತಾಡುತ್ತಿರಬಹುದು, ಶ್ವಾಸಕೋಶ ಕೆಡುವುದು ಆಮೇಲೆ. ಆದ್ದರಿಂದ ‘ಈಗ ಪರವಾಗಿಲ್ಲ’ ಎಂಬ ಮಾತನ್ನು ನಂಬಿ ಮನೆಯಲ್ಲಿ ಉಳಿಸಿಕೊಳ್ಳಬೇಡಿ.

ಪ್ರಶ್ನೆ: ಖಾಲಿ ಕ್ಯಾನುಗಳು ಗಟ್ಟಿಯಾಗಿರುತ್ತವೆ, ಚೆನ್ನಾಗಿ ತೊಳೆದರೆ ಮನೆಬಳಕೆಗೆ ಆಗುವುದಿಲ್ಲವೇ? ಟ್ಯಾಂಕಿನಲ್ಲಿ ಉಳಿದ ದ್ರಾವಣವನ್ನು ಏನು ಮಾಡಬೇಕು?

ಉತ್ತರ: ಎಷ್ಟು ತೊಳೆದರೂ ಮನೆಬಳಕೆಗೆ ಆಗುವುದಿಲ್ಲ. 2013ರ ಜುಲೈಯಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಒಂದು ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆಯ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಪತ್ತೆಯಾಯಿತು. ಆ ಎಣ್ಣೆಯನ್ನು ಕೀಟನಾಶಕದ ಹಳೆಯ ಡಬ್ಬದಲ್ಲಿ ಇಟ್ಟಿದ್ದರೆಂದು ಆಗ ವರದಿಯಾಗಿತ್ತು.

ತೊಳೆಯಬೇಕಾದದ್ದು ಬಿಸಾಡುವುದಕ್ಕೆ ಮುನ್ನ. ಡಬ್ಬ ಖಾಲಿಯಾದ ಕೂಡಲೇ, ಒಳಗಿನದ್ದು ಒಣಗುವ ಮೊದಲು, ಕಾಲು ಭಾಗ ನೀರು ತುಂಬಿ ಮುಚ್ಚಳ ಹಾಕಿ ಚೆನ್ನಾಗಿ ಕುಲುಕಿ, ಆ ನೀರನ್ನು ಸ್ಪ್ರೇಯರಿನ ಟ್ಯಾಂಕಿಗೇ ಸುರಿಯಿರಿ. ಹೀಗೆ ಮೂರು ಸಲ ಮಾಡಿದರೆ ಒಳಗೆ ಉಳಿಯುವುದು ಅತ್ಯಲ್ಪ. ಕೊಂಡದ್ದೂ ಪೂರ್ತಿ ಬೆಳೆಗೇ ಹೋಗುತ್ತದೆ. ಆಮೇಲೆ ಮತ್ತೆ ಯಾರೂ ಬಳಸದಂತೆ ತಳಕ್ಕೆ ತೂತು ಹೊಡೆದು, ಖಾಲಿ ಡಬ್ಬಗಳನ್ನು ಸಂಗ್ರಹಿಸುವ ವ್ಯವಸ್ಥೆ ಇದ್ದಲ್ಲಿಗೆ ಕೊಡಿ, ಅಲ್ಲಿಯವರೆಗೆ ಬೀಗ ಹಾಕಿದ ಜಾಗದಲ್ಲಿಡಿ. ಸುಡಬೇಡಿ, ಹೊಗೆಯೂ ವಿಷವೇ. ಟ್ಯಾಂಕಿನಲ್ಲಿ ಸ್ವಲ್ಪ ದ್ರಾವಣ ಉಳಿದರೆ ಹತ್ತು ಪಟ್ಟು ನೀರು ಬೆರೆಸಿ, ಆಗತಾನೇ ಸಿಂಪಡಿಸಿದ ಬೆಳೆಯ ಮೇಲೆಯೇ ತುಸು ವೇಗವಾಗಿ ನಡೆಯುತ್ತ ಸಿಂಪಡಿಸಿ ಮುಗಿಸಿ. ಟ್ಯಾಂಕ್ ತೊಳೆದ ನೀರಿಗೂ ಅದೇ ಹೊಲ, ಬಾವಿಕಟ್ಟೆಯೂ ಅಲ್ಲ, ಕಾಲುವೆಯೂ ಅಲ್ಲ.